ಪೊರೆಯ ಬಾಗಿಲು, ಜೀನಿನ ಪೆಟ್ಟು

ಈಥರ್ ಆವಿ ಕೊಟ್ಟರೆ ಹಣ್ಣಿನ ನೊಣಗಳು ಮಂಪರು ಬಂದು ಸುಮ್ಮನೆ ಬಿದ್ದುಕೊಳ್ಳುತ್ತವೆ. ಕೆಲವು ಮಾತ್ರ ಆ ಮಂಪರಿನಲ್ಲೂ ಕಾಲುಗಳನ್ನು ಪಟಪಟನೆ ನಡುಗಿಸುತ್ತಲೇ ಇರುತ್ತವೆ. 1940ರ ದಶಕದಲ್ಲೇ ವಿಜ್ಞಾನಿಗಳ ಕಣ್ಣಿಗೆ ಬಿದ್ದ ಇಂಥ ಒಂದು ತಳಿಗೆ ‘ಶೇಕರ್’ ಎಂಬ ಹೆಸರು ಬಂತು. 1960ರ ದಶಕದ ಕೊನೆಗೆ ಅಮೆರಿಕದ ವಿಲಿಯಂ ಕಪ್ಲಾನ್ ಅದೇ ಬಗೆಯ ಇನ್ನೊಂದನ್ನು ಕಂಡು, ಆ ಕಾಲದ ಕ್ಲಬ್ ಕುಣಿತವನ್ನು ನೆನೆದು ‘ಈಥರ್-ಎ-ಗೋ-ಗೋ’ ಎಂದು ಕರೆದರು. ಮನುಷ್ಯನ ಹೃದಯ ಇದ್ದಕ್ಕಿದ್ದಂತೆ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಈ ನೊಣಗಳ ನಡುಕದಲ್ಲಿ ಉತ್ತರದ ಎಳೆ ಇದೆಯೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಜೀವಕೋಶದ ಸುತ್ತ ಇರುವುದು ಕೊಬ್ಬಿನ ತೆಳು ಪೊರೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್‌ನಂಥ ವಿದ್ಯುದಂಶವುಳ್ಳ ಕಣಗಳು, ಅಂದರೆ ಅಯಾನುಗಳು, ಅದನ್ನು ತಾವಾಗಿ ದಾಟಲಾರವು. ಅವುಗಳಿಗೆಂದೇ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಅವೇ ಅಯಾನ್ ಚಾನೆಲ್‌ಗಳು. ನರದ ಮಿಡಿತ, ಹೃದಯದ ಬಡಿತ, ಬೆವರು, ಇನ್ಸುಲಿನ್ ಎಲ್ಲಕ್ಕೂ ಇವು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಬೇಕು.

ಈ ಕ್ಷೇತ್ರ ಭೌತಶಾಸ್ತ್ರದ ದಾರಿಯಲ್ಲಿ ಶುರುವಾಯಿತು. ಇಂಗ್ಲೆಂಡಿನ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನೊಳಗೆ ವಿದ್ಯುದ್ವಾರ ತೂರಿಸಿ ಅಳೆದರು. ಸೋಡಿಯಂ ಒಳನುಗ್ಗಿದಾಗ ನರದ ಮಿಡಿತ ಏರುತ್ತದೆ, ಪೊಟ್ಯಾಸಿಯಂ ಹೊರಹರಿದಾಗ ಇಳಿಯುತ್ತದೆ ಎಂದು 1952ರಲ್ಲಿ ಸಮೀಕರಣಗಳೊಂದಿಗೆ ತೋರಿಸಿದರು. ಚಾನೆಲ್ ಎಂಬ ವಸ್ತುವನ್ನು ಕಾಣದೆಯೇ ಅದರ ನಡತೆಯನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟದ್ದು ನನ್ನ ಮಟ್ಟಿಗೆ ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದ ಅತ್ಯಂತ ಸುಂದರ ಕೆಲಸಗಳಲ್ಲೊಂದು. 1976ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ ಕಪ್ಪೆಯ ಸ್ನಾಯುವಿನ ಮೇಲೆ ಸೂಕ್ಷ್ಮ ಗಾಜಿನ ನಳಿಕೆಯಿಟ್ಟು ಒಂದೇ ಒಂದು ಚಾನೆಲ್ ತೆರೆದು ಮುಚ್ಚುವುದನ್ನು ದಾಖಲಿಸಿದರು. ಆ ವಿದ್ಯುತ್ ಪ್ರವಾಹ ಒಂದು ಆಂಪಿಯರ್‌ನ ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗದಷ್ಟು.

ಆದರೆ ಅಳತೆ ಎಷ್ಟೇ ಸೂಕ್ಷ್ಮವಾದರೂ ಆ ಬಾಗಿಲು ಏತರಿಂದ ಆದದ್ದು ಎಂದು ಹೇಳಲಾರದು. ಅದಕ್ಕೆ ಕೆಟ್ಟ ಜೀನುಗಳೇ ಬೇಕಾದವು. 1971ರಲ್ಲಿ ಕೆನಡಾದ ಡೇವಿಡ್ ಸುಜುಕಿ ಮತ್ತು ಸಂಗಡಿಗರು ಬಿಸಿಯಾದೊಡನೆ ಲಕ್ವಾ ಹೊಡೆದಂತೆ ಬಿದ್ದು, ತಂಪಾದೊಡನೆ ಎದ್ದು ಓಡಾಡುವ ‘ಪ್ಯಾರಾಲಿಟಿಕ್’ ನೊಣಗಳನ್ನು ವರದಿ ಮಾಡಿದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬೈದ್ ಸಿದ್ದಿಕಿ, ಅಮೆರಿಕದ ಸೀಮೋರ್ ಬೆಂಜರ್ ಜೊತೆಗೂಡಿ ಇಂಥ ನೊಣಗಳ ನರಗಳನ್ನೇ ಪರೀಕ್ಷಿಸಿದರು. ಬಿಸಿಯಲ್ಲಿ ನರದ ಮಿಡಿತವೇ ತಡೆದು ನಿಲ್ಲುತ್ತದೆ ಎಂದು 1976ರಲ್ಲಿ ಪ್ರಕಟಿಸಿದರು. ಆ ಜೀನ್ ಸೋಡಿಯಂ ಚಾನೆಲ್‌ನದ್ದೆಂದು ವಿಸ್ಕಾನ್ಸಿನ್‌ನ ಬ್ಯಾರಿ ಗನೆಟ್ಸ್ಕಿ ಅವರ ಪ್ರಯೋಗಾಲಯ 1989ರಲ್ಲಿ ಖಚಿತಪಡಿಸಿತು. ಜೀನಿಗೆ ಬಿದ್ದ ಪೆಟ್ಟನ್ನು ನರದ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ ಮೊದಮೊದಲ ಕೆಲಸಗಳಲ್ಲಿ ಭಾರತೀಯ ಹೆಸರೊಂದು ಇರುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಇದೇ ಸಿದ್ದಿಕಿ.

ಅದೇ ಕೇಂದ್ರದಲ್ಲಿ ಗೈತಿ ಹಸನ್ ದಶಕಗಳ ಕಾಲ ಬೆನ್ನುಹತ್ತಿದ್ದು ಜೀವಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡುವ ಐಪಿ3 ಗ್ರಾಹಕವೆಂಬ ಚಾನೆಲ್ ಅನ್ನು. ಅದರ ಜೀನ್ ಕೆಟ್ಟ ಕೆಲವು ನೊಣಗಳಿಗೆ ಹಾರಲಾಗುವುದಿಲ್ಲ. ಒಂದಿಷ್ಟು ನರಕೋಶಗಳಿಗಷ್ಟೇ ಸರಿಯಾದ ಜೀನ್ ಮರಳಿಸಿದರೂ ಹಾರಾಟ ಮರಳುತ್ತದೆ. ಇಂಥದೇ ಒಂದು ಜೀನ್ ಮನುಷ್ಯರಲ್ಲಿ ಭಾಗಶಃ ಅಳಿದುಹೋದರೆ ನಡಿಗೆಯ ಹಿಡಿತ ತಪ್ಪುವ ಅಟಾಕ್ಸಿಯಾ ಬರುತ್ತದೆ ಎಂಬುದು 2007ರಲ್ಲಿ ತಿಳಿಯಿತು.

ಪೊಟ್ಯಾಸಿಯಂ ಚಾನೆಲ್‌ನ ಕಥೆಯೂ ನೊಣದ ಮೂಲಕವೇ ಬಿಚ್ಚಿಕೊಂಡಿತು. ವಿದ್ಯುತ್ ಹೊಡೆಯುವ ಈಲ್ ಮೀನಿನ ಅಂಗದಲ್ಲಿ ಸೋಡಿಯಂ ಚಾನೆಲ್ ಹೇರಳವಾಗಿರುವುದರಿಂದ ಜಪಾನಿನ ಶೋಸಾಕು ನುಮಾ ತಂಡಕ್ಕೆ 1984ರಲ್ಲಿ ಅದರ 1,820 ಅಮೈನೊ ಆಮ್ಲಗಳ ಸರಣಿಯನ್ನು ಓದಲು ಸಾಧ್ಯವಾಗಿತ್ತು. ಪೊಟ್ಯಾಸಿಯಂ ಚಾನೆಲ್‌ಗೆ ಅಂಥ ಗಣಿ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಲಿಲಿ ಜಾನ್ ಮತ್ತು ಯುಹ್ ನುಂಗ್ ಜಾನ್ ದಂಪತಿ ನಡುಗುವ ಶೇಕರ್ ನೊಣದ ವರ್ಣತಂತುವಿನಲ್ಲಿ ಪೆಟ್ಟು ಬಿದ್ದ ಜಾಗವನ್ನು ಹುಡುಕುತ್ತ ಹೋಗಿ 1987ರಲ್ಲಿ ಆ ಜೀನನ್ನು ಹಿಡಿದರು. 1998ರಲ್ಲಿ ರಾಡ್ರಿಕ್ ಮೆಕಿನಾನ್ ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲ್‌ನ ಆಕಾರವನ್ನು ಪರಮಾಣು ಮಟ್ಟದಲ್ಲಿ ತೋರಿಸಿದಾಗ, ದೊಡ್ಡ ಪೊಟ್ಯಾಸಿಯಂ ದಾಟುವಲ್ಲಿ ಚಿಕ್ಕ ಸೋಡಿಯಂ ಯಾಕೆ ದಾಟದು ಎಂಬ ಹಳೆಯ ಒಗಟೂ ಬಿಡಿಸಿಕೊಂಡಿತು.

ಇನ್ನು ಮನುಷ್ಯರ ಮಾತು. ಈಥರ್-ಎ-ಗೋ-ಗೋ ಜೀನಿನ ಮಾನವ ಸಂಬಂಧಿ ‘ಹರ್ಗ್’ ಎಂಬ ಪೊಟ್ಯಾಸಿಯಂ ಚಾನೆಲ್ ಜೀನ್. ಅದು ಕೆಟ್ಟರೆ ಹೃದಯ ಪ್ರತಿ ಬಡಿತದ ನಂತರ ಮೊದಲ ಸ್ಥಿತಿಗೆ ಮರಳುವುದು ತಡವಾಗಿ, ಎಳೆಯ ವಯಸ್ಸಿನಲ್ಲೇ ಹಠಾತ್ ಸಾವು ಬರಬಹುದು ಎಂದು 1995ರಲ್ಲಿ ಮಾರ್ಕ್ ಕೀಟಿಂಗ್ ತಂಡ ತೋರಿಸಿತು. ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ ಇದೇ ಚಾನೆಲ್ ಅನ್ನು ಕಟ್ಟಿಹಾಕುತ್ತಿತ್ತು ಎಂಬುದೂ ಬಯಲಾಗಿ, ಆ ಔಷಧ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಇಂದು ಹೊಸ ಔಷಧಗಳು ರೋಗಿಯನ್ನು ತಲುಪುವ ಮೊದಲು ಹರ್ಗ್ ಪರೀಕ್ಷೆಯನ್ನು ದಾಟಲೇಬೇಕು.

ಮಕ್ಕಳಿಗೆ ತೀವ್ರ ಮೂರ್ಛೆ ತರುವ ಡ್ರಾವೆ ಕಾಯಿಲೆಯದು ಇನ್ನೂ ಮುಖ್ಯ ಪಾಠ. ಅಲ್ಲಿ ಕೆಡುವುದು ಮಿದುಳಿನ ಒಂದು ಸೋಡಿಯಂ ಚಾನೆಲ್. ಆ ಚಾನೆಲ್‌ನ ಮುಖ್ಯ ಕೆಲಸ ನಡೆಯುವುದು ಉಳಿದ ನರಕೋಶಗಳನ್ನು ಅಂಕೆಯಲ್ಲಿಡುವ ನರಕೋಶಗಳಲ್ಲಿ. ಹಾಗಾಗಿ ಬೇರೆ ಮೂರ್ಛೆಗಳಿಗೆ ಕೊಡುವ, ಸೋಡಿಯಂ ಚಾನೆಲ್ ತಡೆಯುವ ಕಾರ್ಬಮಜೆಪಿನ್‌ನಂಥ ಮಾತ್ರೆ ಈ ಮಕ್ಕಳಲ್ಲಿ ಮೂರ್ಛೆಯನ್ನು ಹೆಚ್ಚಿಸುತ್ತದೆ. ರೋಗದ ಹೆಸರು ತಿಳಿದರೆ ಸಾಲದು. ಯಾವ ಜೀನಿಗೆ, ಎಂಥ ಪೆಟ್ಟು ಎಂಬುದು ಗೊತ್ತಿರಬೇಕು.

ಇದು ಅತಿ ಸ್ಪಷ್ಟವಾಗಿ ಕಾಣುವುದು ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ. ಶ್ವಾಸಕೋಶದಲ್ಲಿ ಲೋಳೆ ಗಟ್ಟಿಯಾಗಿ, ಮೇದೋಜೀರಕ ಗ್ರಂಥಿ ಕಟ್ಟಿಕೊಂಡು ಮಕ್ಕಳನ್ನು ಸವೆಸುವ ಈ ಕಾಯಿಲೆಯನ್ನು 1938ರಲ್ಲಿ ನ್ಯೂಯಾರ್ಕಿನ ಡೊರೋಥಿ ಆಂಡರ್ಸನ್ ವಿವರಿಸಿದರು. 1948ರ ಬಿಸಿಗಾಳಿಯಲ್ಲಿ ಈ ಮಕ್ಕಳು ಬೇಗ ಕುಸಿಯುವುದನ್ನು ಗಮನಿಸಿದ ಪಾಲ್ ದಿ ಸಾಂಟಾಗ್ನೀಸ್, ಅವರ ಬೆವರಿನಲ್ಲಿ ಉಪ್ಪು ಅತಿಯಾಗಿರುವುದನ್ನು ಕಂಡುಕೊಂಡರು. ಇಂದಿಗೂ ರೋಗವನ್ನು ಖಚಿತಪಡಿಸುವ ಮುಖ್ಯ ಪರೀಕ್ಷೆ ಬೆವರಿನದೇ. ಬೆವರ ಗ್ರಂಥಿಯ ನಾಳ ಕ್ಲೋರೈಡನ್ನು ಹಾಯಗೊಡುತ್ತಿಲ್ಲ ಎಂದು 1983ರಲ್ಲಿ ತೋರಿಸಿದ ಪಾಲ್ ಕ್ವಿಂಟನ್ ಸ್ವತಃ ಈ ಕಾಯಿಲೆಯವರು. 1989ರಲ್ಲಿ ಟೊರಾಂಟೊದ ಲಾಪ್-ಚೀ ತ್ಸುಯಿ, ಜಾನ್ ರಿಯೋರ್ಡನ್ ಮತ್ತು ಮಿಶಿಗನ್‌ನ ಫ್ರಾನ್ಸಿಸ್ ಕಾಲಿನ್ಸ್ ಏಳನೆಯ ವರ್ಣತಂತುವಿನಲ್ಲಿ ಸಿಎಫ್‌ಟಿಆರ್ ಎಂಬ ಜೀನನ್ನು ಹಿಡಿದರು.

ಆ ಜೀನ್ ತಯಾರಿಸುವ ಕ್ಲೋರೈಡ್ ಚಾನೆಲ್‌ನಲ್ಲಿ 1,480 ಅಮೈನೊ ಆಮ್ಲಗಳು. ಜೀನಿನ ಮೂರು ಅಕ್ಷರ ಕಳೆದು 508ನೆಯ ಅಮೈನೊ ಆಮ್ಲವೊಂದು ಬಿಟ್ಟುಹೋದರೆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದು, ಕೋಶ ಅದನ್ನು ಪೊರೆಗೆ ತಲುಪಿಸದೆ ನಾಶಮಾಡುತ್ತದೆ. 551ನೆಯದು ಬದಲಾದರೆ ಪ್ರೋಟೀನ್ ಪೊರೆಯನ್ನು ತಲುಪುತ್ತದೆ, ಆದರೆ ತೆರೆಯುವುದಿಲ್ಲ. ಇನ್ನು ಕೆಲವು ಪೆಟ್ಟುಗಳಲ್ಲಿ ಪ್ರೋಟೀನ್ ತಯಾರಾಗುವುದೇ ಇಲ್ಲ. ಮುಚ್ಚಿಕೊಂಡಿದ್ದನ್ನು ತೆರೆಸುವ ಐವಾಕಾಫ್ಟರ್‌ಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಡಿಕೆ ಸರಿಪಡಿಸುವ ಎರಡು ಅಣುಗಳನ್ನು ಅದರೊಂದಿಗೆ ಸೇರಿಸಿದ ಮೂರರ ಮಿಶ್ರಣ 2019ರಲ್ಲಿ ಬಂತು. ತಯಾರಾಗದ ಪ್ರೋಟೀನಿಗೆ ಇವು ಯಾವುದೂ ನೆರವಾಗವು. ಜೀನ್ ಸಿಕ್ಕಿ ಮೂವತ್ತು ವರ್ಷಕ್ಕೆ ಬಂದ ಈ ಔಷಧದ ಅಮೆರಿಕದ ಬೆಲೆ ಆಗ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಇತ್ತು. ಇಷ್ಟು ಜನರ ದುಡಿಮೆಯಿಂದ ಕೂಡಿಬಂದ ಅರಿವು ಇಷ್ಟು ಕೆಲವರಿಗಷ್ಟೇ ಎಟುಕುವುದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ಈ ಕಾಯಿಲೆ ಭಾರತದಲ್ಲಿ ಇಲ್ಲವೇ ಇಲ್ಲ ಎಂದು ಬಹುಕಾಲ ನಂಬಲಾಗಿತ್ತು. ಇದೆ. ಆದರೆ 508ರ ಪೆಟ್ಟಿನ ಪಾಲು ಇಲ್ಲಿ ಯುರೋಪಿಗಿಂತ ಕಡಿಮೆ, ಬೇರೆ ಪೆಟ್ಟುಗಳ ಪಾಲು ಹೆಚ್ಚು. ಯುರೋಪಿನ ಪಟ್ಟಿಯನ್ನಷ್ಟೇ ನೋಡುವ ಪರೀಕ್ಷೆ ಇಲ್ಲಿನ ಮಕ್ಕಳನ್ನು ಬಿಟ್ಟುಬಿಡಬಹುದು.

ಅರಿವಿನ ಫಲ ಎಲ್ಲ ಕಡೆಯೂ ಇಷ್ಟು ದುಬಾರಿಯಲ್ಲ. ಇನ್ಸುಲಿನ್ ತಯಾರಿಸುವ ಕೋಶದಲ್ಲಿ ಒಂದು ಪೊಟ್ಯಾಸಿಯಂ ಚಾನೆಲ್ ಇದೆ. ಸಕ್ಕರೆ ಏರಿ ಕೋಶದಲ್ಲಿ ಎಟಿಪಿ ಎಂಬ ಶಕ್ತಿಯ ಅಣು ಹೆಚ್ಚಿದಾಗ ಅದು ಮುಚ್ಚಬೇಕು, ಆಗಲೇ ಇನ್ಸುಲಿನ್ ಹೊರಬರುವುದು. ಅದು ಮುಚ್ಚದಂತೆ ಜೀನ್ ಕೆಟ್ಟರೆ ಹುಟ್ಟಿದ ಕೆಲವೇ ವಾರಗಳಲ್ಲಿ ಮಧುಮೇಹ ಬರುತ್ತದೆ ಎಂದು ಇಂಗ್ಲೆಂಡಿನ ಎಕ್ಸೆಟರ್‌ನ ಆಂಡ್ರ್ಯೂ ಹ್ಯಾಟರ್ಸ್‌ಲಿ ತಂಡ 2004ರಲ್ಲಿ ತೋರಿಸಿತು. ಈ ಚಾನೆಲ್ ಅನ್ನು ಮುಚ್ಚಿಸುವ ಗ್ಲಿಬೆನ್‌ಕ್ಲಮೈಡ್ ಎಷ್ಟೋ ದಶಕಗಳಿಂದ ನಮ್ಮ ಔಷಧದಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಮಾತ್ರೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ 49 ರೋಗಿಗಳ ಪೈಕಿ 44 ಮಂದಿ ಈ ಬಗೆಯ ಮಾತ್ರೆಗಳಿಂದ ಇನ್ಸುಲಿನ್ ಚುಚ್ಚುಮದ್ದನ್ನೇ ಬಿಟ್ಟರು.

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಭಾರತದ ಶಿಶುಗಳಲ್ಲೂ ಇಂಥ ಜೀನ್ ಪೆಟ್ಟುಗಳನ್ನು ಗುರುತಿಸಿದೆ. ಆರು ತಿಂಗಳೊಳಗೆ ಮಧುಮೇಹ ಕಾಣಿಸಿಕೊಂಡ ಪ್ರತಿ ಮಗುವಿಗೂ ಜೀನ್ ಪರೀಕ್ಷೆ ಮಾಡಿಸಬೇಕೆಂಬುದು ಈಗ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರವರೆಗೂ ಈ ಮಾತು ತಲುಪಬೇಕು. ಶಿಶುವಿನ ಸಕ್ಕರೆ ಏರಿದ್ದನ್ನು ಮೊದಲು ಕಾಣುವವರು ಅವರೇ.