ಅಗಸೆಯ ಮರ, ಎಲೆಬಳ್ಳಿ: ಮೈಸೂರಿನ ಎಲೆತೋಟದಲ್ಲಿ ಸಹಬಾಳ್ವೆಯ ತತ್ತ್ವ

ಸಹಬಾಳ್ವೆ, ಸಹ-ಅಸ್ತಿತ್ವ ಎಂಬ ಎರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿ ಬಂದಿದೆ. ಅದರಿಂದ ಒಂದು ಮುಖ್ಯ ವ್ಯತ್ಯಾಸ ಮರೆಯಾಗುತ್ತದೆ. ಗೂಡಂಗಡಿಯ ಎರಡು ಡಬ್ಬಗಳು ಅಕ್ಕಪಕ್ಕ ಇರುತ್ತವೆ, ಬಾಳ್ವೆ ಮಾಡುವುದಿಲ್ಲ. ಕನ್ನಡದಲ್ಲಿ ‘ಬಾಳ್ವೆ ಮಾಡು’ ಎಂದರೆ ಸಂಸಾರ ನಡೆಸು ಎಂದು. ದುಡಿಮೆ, ಜಗಳ, ಲೆಕ್ಕಾಚಾರ, ಬಿಟ್ಟುಕೊಡುವುದು ಎಲ್ಲ ಅದರೊಳಗಿನವೇ. ಸುಸ್ಥಿರ ಬದುಕಿಗೆ ತಳಹದಿಯಾಗಬಲ್ಲದ್ದು ಈ ಬಾಳ್ವೆ ಎಂಬುದು ಇಲ್ಲಿನ ವಾದ. ಅದಕ್ಕೆ ಆಧಾರ ಮೈಸೂರಿನ ಎಲೆತೋಟ, ಅಂದರೆ ವೀಳ್ಯದೆಲೆಯ ತೋಟ.

ಗ್ರಂಥ ಬಿಟ್ಟು ತೋಟಕ್ಕೆ ಹೋಗುವುದಕ್ಕೆ ಇದೇ ಊರಿನ ಸಮರ್ಥನೆಯೊಂದಿದೆ. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣ, 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯಲ್ಲಿ, ನಮ್ಮಲ್ಲಿ ತತ್ತ್ವಚಿಂತನೆ ಹುಟ್ಟಿದ್ದು ಬೆರಗಿನಿಂದಲ್ಲ, ಬದುಕಿನ ಕೇಡಿಗೆ ಪರಿಹಾರ ಹುಡುಕಲೇಬೇಕಾದ ಒತ್ತಡದಿಂದ ಎಂದು ವಿವರಿಸಿದರು. ಜೈನರ ತತ್ತ್ವಾರ್ಥಸೂತ್ರವೂ ಜೀವಿಗಳು ಒಂದಕ್ಕೊಂದು ಒದಗುವುದನ್ನು ದಯೆಯೆಂದು ಕರೆಯದೆ ಅವುಗಳ ಕಾರ್ಯವೆಂದೇ ಕಾಣುತ್ತದೆ. ಕುವೆಂಪು ತಮ್ಮ ಪಂಚಮಂತ್ರಗಳಲ್ಲಿ ಸೇರಿಸಿದ ಸಮನ್ವಯಕ್ಕೆ ಮಾತ್ರ ನಾವು ಅನ್ಯಾಯ ಮಾಡಿದ್ದೇವೆ. ವೇದಿಕೆಯ ಮಾತಾಗಿ ಸವೆಸಿ, ಅದು ಬೇಡುವ ದುಡಿಮೆಯನ್ನು ಮರೆತಿದ್ದೇವೆ.

ವೀಳ್ಯದೆಲೆ ಮೆಣಸಿನ ಬಳ್ಳಿಯ ಕುಲದ್ದು, ತಾನಾಗಿ ನಿಲ್ಲಲಾರದು. ಅಗಸೆ, ಹಾಲುವಾಣ, ನುಗ್ಗೆ ಅದಕ್ಕೆ ಆಸರೆ. ನಡುವೆ ಬಾಳೆಯ ತಂಪು. ಗೆಣ್ಣುಗೆಣ್ಣಿಗೂ ಹೊರಡುವ ಸಣ್ಣ ಬೇರು ತೊಗಟೆಯನ್ನು ಕಚ್ಚಿಕೊಳ್ಳುತ್ತದೆ, ಆದರೆ ಮರದ ರಸ ಹೀರುವುದಿಲ್ಲ. ಬಳ್ಳಿಯ ಊಟ ನೆಲದಿಂದಲೇ. ಅಗಸೆ, ಹಾಲುವಾಣಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುತ್ತವೆ. ಇಷ್ಟಕ್ಕೇ ನಿಲ್ಲಿಸಿದರೆ ಶಾಲಾಪಠ್ಯದ ಚಿತ್ರವಾದೀತು. ತೋಟದೊಳಗೆ ಹೋದವರಿಗೆ ಮೊದಲು ಕಾಣುವುದು ಕುಡುಗೋಲು. ನೆರಳು ಹೆಚ್ಚಾದರೆ ಅಗಸೆಯ ರೆಂಬೆ ಸವರಬೇಕು. ಸವರಿದ ಸೊಪ್ಪು ದನಕ್ಕೋ ಗೊಬ್ಬರಕ್ಕೋ ಆಗುತ್ತದೆ. ಬಳ್ಳಿ ಕೈಗೆಟುಕದಷ್ಟು ಏರಿದರೆ ಮರದಿಂದ ಬಿಡಿಸಿ ಇಳಿಸಿ, ಎಲೆ ಕಿತ್ತು ಬರಿದಾದ ಭಾಗವನ್ನು ಸುರುಳಿ ಸುತ್ತಿ ಬುಡದಲ್ಲಿ ಹೂತು, ಎಳೆಯ ತುದಿಯನ್ನು ಮತ್ತೆ ಬಾಳೆನಾರಿನಲ್ಲಿ ಮರಕ್ಕೆ ಕಟ್ಟಬೇಕು. ಹೂತ ಗೆಣ್ಣುಗಳು ಹೊಸ ಬೇರು ಬಿಡುತ್ತವೆ. ನೀರಿಲ್ಲದೆ ಆಗದು, ನೀರು ನಿಂತರೆ ಬುಡ ಕೊಳೆಯುತ್ತದೆ. ಇಲ್ಲಿ ಯಾರಿಗೂ ಮನಸ್ಸು ಬಂದಷ್ಟು ಬೆಳೆಯುವ ಹಕ್ಕಿಲ್ಲ, ತೋಟದವನಿಗೂ ಇಲ್ಲ: ಎಲೆ ಬೇಯದೆ ನೇರ ಬಾಯಿಗೆ ಹೋಗುವುದರಿಂದ ಔಷಧಿ ಹೊಡೆಯುವ ಕೈಗೆ ಹಿಡಿತ ಬೇಕು.

ಇಂಥ ತೋಟಗಳು ಪೂರ್ಣಯ್ಯನ ಛತ್ರದ ಕಡೆಯಿಂದ ವಿದ್ಯಾರಣ್ಯಪುರ ದಾಟಿ ನಂಜನಗೂಡು ರಸ್ತೆಯವರೆಗೆ ಹಬ್ಬಿದ್ದವು. ಸೂಯೇಜ್ ಫಾರಂ ಇರುವುದೂ ಅದೇ ವಿದ್ಯಾರಣ್ಯಪುರದಲ್ಲಿ. ಊರಿನ ಕಸ ವರ್ಷಾನುಗಟ್ಟಲೆ ಗುಡ್ಡೆಯಾದದ್ದು ಅಲ್ಲಿ. 2015, 2016ರ ಕೇಂದ್ರ ಸರ್ಕಾರದ ಸ್ವಚ್ಛತಾ ಸಮೀಕ್ಷೆಗಳಲ್ಲಿ ಮೈಸೂರು ಮೊದಲ ಸ್ಥಾನ ಪಡೆದಾಗಲೂ ಆ ಗುಡ್ಡೆ ಅಲ್ಲೇ ಇತ್ತು. ಒಂದು ಬಡಾವಣೆ ಚೊಕ್ಕಟವಾಗಿರಲೆಂದು ಇನ್ನೊಂದು ಬಡಾವಣೆ ಹೊರೆ ಹೊರುವುದು ಸಹ-ಅಸ್ತಿತ್ವವೇ ಸರಿ, ಬಾಳ್ವೆಯಲ್ಲ. ತೋಟದಲ್ಲಿ ಎಲ್ಲರಿಗೂ ತಗಲುವ ಕುಡುಗೋಲು ಇಲ್ಲಿ ಆಡುವುದು ಒಂದೇ ಮೈಮೇಲೆ. ಕುಂಬಾರಕೊಪ್ಪಲಿನ ಶೂನ್ಯತ್ಯಾಜ್ಯ ಘಟಕದಲ್ಲಿ ಸುತ್ತಿನ ಮನೆಗಳ ಕಸವನ್ನು ಅಲ್ಲಿಯೇ ಬೇರ್ಪಡಿಸಿ ಹಸಿಕಸವನ್ನು ಗೊಬ್ಬರ ಮಾಡುವ ಕ್ರಮ ಎಲೆತೋಟದ ತರ್ಕಕ್ಕೆ ಆ ಮೊದಲ ಸ್ಥಾನಕ್ಕಿಂತ ಹೆಚ್ಚು ಹತ್ತಿರ.

1999ರ ಕಾಯ್ದೆಯಡಿ ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೇರೆ ಕಡೆಯ ಎಲೆಯನ್ನು ಮೈಸೂರಿನದೆಂದು ಮಾರುವುದನ್ನು ಅದು ತಡೆಯಬಲ್ಲದು. ತೋಟವನ್ನು ಸೈಟು ಮಾಡಿ ಮಾರುವುದನ್ನು ತಡೆಯಲಾರದು. ಸೈಟು ಕಲ್ಲು ನೆಡುವಾಗ ಮೊದಲು ಉರುಳುವುದು ಅಗಸೆ. ಬಳ್ಳಿ ಒಂದೆರಡು ದಿನ ನೆಲದ ಮೇಲೆ ಹಸಿರಾಗಿಯೇ ಬಿದ್ದಿರುತ್ತದೆ.