ಬ್ಯಾಡರಹಳ್ಳಿಯ ಗೌಜಲಹಕ್ಕಿ ಮತ್ತು ಮಡಿಚುವ ಕೋವಿ

ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಕುರಿತು ಏನಾದರೂ ಬರೆದುಕೊಡಿ ಎಂದು ಪದಾಧಿಕಾರಿಗಳು ಕೇಳಿದಾಗ ಕೆರೆ, ಗುಡಿ, ಜಾತ್ರೆ ಇವುಗಳ ಬಗ್ಗೆ ಬೇರೆಯವರು ಬರೆಯುತ್ತಾರೆಂದು ಗೊತ್ತಿತ್ತು. ಆದ್ದರಿಂದ ನಾವು ಯಾರೂ ಬರೆಯದ ಒಂದು ವಿಷಯ ಆರಿಸಿಕೊಂಡಿದ್ದೇವೆ. ಅದು ಕೋವಿ. ಅದರಲ್ಲೂ ಹಕ್ಕಿ ಹೊಡೆಯಲು ನಮ್ಮ ಹಿರಿಯರು ಹುಡುಕಿ ಹುಡುಕಿ ತಂದಿದ್ದ ಹಗುರವಾದ ಒಂಟಿನಳಿಗೆಯ ಮಡಿಚುವ ಕೋವಿ. ಇದನ್ನು ಓದಿ ಯಾರೂ ಬೇಟೆಗೆ ಹೊರಡಬಾರದು. ಹೊರಟರೆ ಏನಾಗುತ್ತದೆ ಎಂಬುದನ್ನೂ ಮುಂದೆ ಬರೆದಿದ್ದೇವೆ.

ಊರಿನ ಹೆಸರಿನಿಂದಲೇ ಶುರು ಮಾಡೋಣ. ಬ್ಯಾಡರು ಅಂದರೆ ಬೇಡರು. ಬಾಯಿಮಾತಿನಲ್ಲಿ 'ಬೇ' ಹೋಗಿ 'ಬ್ಯಾ' ಆಗಿದೆ, ಅಷ್ಟೆ. ಬೇಡರೆಂದರೆ ಬರೀ ಹಕ್ಕಿ ಹಿಡಿಯುವವರು ಅಂತ ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಚಿತ್ರದುರ್ಗ, ಸುರಪುರದ ನಾಯಕರು ಇದೇ ಜನ. ಹೈದರಾಲಿಯ ಕಾಲಾಳು ಪಡೆಯಲ್ಲಿ ಬೇಡರು ಇದ್ದರು. 1857ರಲ್ಲಿ ಬ್ರಿಟಿಷ್ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದು 'ಆಯುಧ ಒಪ್ಪಿಸಿ' ಎಂದಾಗ ಮುಧೋಳದ ಕಡೆಯ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಆ ಕಥೆಯ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ್ದು ವಿಚಿತ್ರವಾದರೂ ನಿಜ. ಅದೇ ಕಾಲದಲ್ಲಿ ಕೊಡಗಿನವರಿಗೆ ಮಾತ್ರ ಬೇರೆ ನ್ಯಾಯ. ಕಬ್ಬನ್ ಸಾಹೇಬರು 1861ರಲ್ಲಿ ಅವರಿಗೆ ಆಯುಧದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಒಬ್ಬರಿಗೆ ಕೋವಿ ಮನೆದೇವರ ಪಕ್ಕದಲ್ಲಿ, ಇನ್ನೊಬ್ಬರಿಗೆ ಕೋವಿಗಾಗಿ ನೇಣು. ಕೋವಿ ಲೈಸೆನ್ಸ್ ಅಂದರೆ ಒಂದು ಕಾಗದ ಅಂತ ಹಗುರವಾಗಿ ಮಾತಾಡುವವರು ಇದನ್ನು ನೆನಪಿಡಬೇಕು.

ಈಗ ನಮ್ಮ ಸೀಮೆಗೆ ಬರೋಣ. ಮಾಗಡಿ ರಸ್ತೆಯಲ್ಲಿ ಇಂದು ಸುಂಕದಕಟ್ಟೆ ದಾಟಿ ಬಂದರೆ ಎರಡು ಕಡೆಯೂ ಕಟ್ಟಡ. ಆದರೆ ನಮ್ಮ ಬಾಲ್ಯದಲ್ಲಿ ಹೇರೋಹಳ್ಳಿ, ಗಿಡದಕೋನೇನಹಳ್ಳಿ, ಮಾಚೋಹಳ್ಳಿ ಕಡೆಗೆಲ್ಲ ರಾಗಿ ಹೊಲ, ಹುರುಳಿ ಹೊಲ, ಕತ್ತಾಳೆ ಬೇಲಿ, ನಡುನಡುವೆ ಕಾರೆ ಪೊದೆ, ಲಂಟಾನ. ಪಶ್ಚಿಮಕ್ಕೆ ಹೋದಷ್ಟೂ ಕುರುಚಲು ಕಾಡು ದಟ್ಟವಾಗಿ ತಿಪ್ಪಗೊಂಡನಹಳ್ಳಿ ಕೆರೆ, ಅಲ್ಲಿಂದ ಮುಂದೆ ಸಾವನದುರ್ಗ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಫಿರಂಗಿಗಳು ಒಡೆದ ದುರ್ಗ ಅದು. ಬೆಂಗಳೂರಿನ ಕೆನೆತ್ ಆಂಡರ್ಸನ್ ಮಾಗಡಿ ಕಡೆಯ ಚಿರತೆಯ ಬಗ್ಗೆ ಬರೆದಿದ್ದಾರೆ. ನಮ್ಮವರಿಗೆ ಚಿರತೆ ಬೇಕಿರಲಿಲ್ಲ. ಬೇಕಿದ್ದದ್ದು ಗೌಜಲಹಕ್ಕಿ, ಬುರ್ಲಿ, ಒಮ್ಮೊಮ್ಮೆ ಕಾಡುಕೋಳಿ. ಸುಗ್ಗಿ ಮುಗಿದು ಹುರುಳಿ ಕಿತ್ತ ಮೇಲೆ ಬೆಳಗಿನ ಜಾವ ಗೌಜಲಹಕ್ಕಿ ಕೂಗಿದರೆ ಇಡೀ ಊರಿಗೆ ಕೇಳಿಸುತ್ತಿತ್ತು.

ಮೊದಲಿಗೆ ಉರುಲು, ಬಲೆ. ಸಾಕಿದ ಗೌಜಲಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ಜಗಳಕ್ಕೆ ಬಂದದ್ದನ್ನು ಹಿಡಿಯುವುದು. ಆಮೇಲೆ ಕೇಪಿನ ಕೋವಿ ಬಂತು. ಅದರ ಸಂಕಟ ಕಂಡವರಿಗೇ ಗೊತ್ತು. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ನಾರು ತುರುಕಬೇಕು, ಗಜದಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು, ಕೊನೆಗೆ ಕೇಪು ಇಡಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಹಕ್ಕಿ ತಾವರೆಕೆರೆ ಸೇರಿರುತ್ತಿತ್ತು! ಸೋನೆ ಮಳೆ ಹಿಡಿದರಂತೂ ಕುದುರೆ ಬಿದ್ದರೂ ಮದ್ದು ಹತ್ತುತ್ತಿರಲಿಲ್ಲ. ಫ್ರಾನ್ಸಿನ ಲೆಫೋಷೆ ಎಂಬಾತ 1830ರ ದಶಕದಲ್ಲೇ ನಡುವೆ ಮುರಿದು ಹಿಂದಿನಿಂದ ತೋಟಾ ಹಾಕುವ ಕೋವಿ ಮಾಡಿದ್ದ. ನಮ್ಮ ಕಡೆಯ ರೈತನ ಕೈಗೆ ಅದು ಬರಲು ನೂರು ವರ್ಷ ಬೇಕಾಯಿತು. ಬಂದ ಮೇಲೂ ಬಹಳ ಮಂದಿಯ ಲೈಸೆನ್ಸ್ ಪುಸ್ತಕದಲ್ಲಿ ಕೊನೆಯವರೆಗೂ 'ಎಸ್.ಬಿ.ಎಂ.ಎಲ್.' ಅಂತಲೇ ಇತ್ತು. ಅಂದ್ರೆ ಬಾಯಿಂದ ತುಂಬುವ ಒಂಟಿನಳಿಗೆ.

ನಮ್ಮ ಸಂಬಂಧದ ಒಬ್ಬ ಹಿರಿಯರು (ನಾವೆಲ್ಲ ಮಾವ ಅಂತ ಕರೆಯುತ್ತಿದ್ದೆವು) ತೋಟಾ ಕೋವಿ ತರಲು ಹೊರಟಾಗ ದಂಡಿನ ಕಡೆಯ ಅಂಗಡಿಯಲ್ಲಿ ಮೂರು ಸಲ ಹೋಗಿ ನೋಡಿ ಬಂದರು. ಜೋಡುನಳಿಗೆ ಇತ್ತು, ಮುಂಗೇರಿನ ಒಂಟಿನಳಿಗೆ ಇತ್ತು. ಅವರು ಆರಿಸಿದ್ದು ಎಲ್ಲರೂ ನಕ್ಕ ಒಂದು ಪುಟ್ಟ ವಿಲಾಯತಿ ಹಳೇ ಕೋವಿಯನ್ನು. ಸಾಮಾನ್ಯ ತೋಟಾ ಕೋವಿಯ ನಳಿಗೆ ಕೀಲಿನ ಹತ್ತಿರ ಸ್ವಲ್ಪ ಬಾಗುತ್ತದೆ, ತೋಟಾ ಹಾಕುವಷ್ಟು. ಇದರದು ಪೂರ್ತಿ ತಿರುಗಿ ಮರದ ಹಿಡಿಯ ಅಡಿಗೆ ಬಂದು ಮಲಗುತ್ತಿತ್ತು, ಚಾಕು ಮಡಿಚಿದ ಹಾಗೆ. ಕಂಬಳಿಯಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿದರೆ ಕೋವಿ ಅಂತ ಗೊತ್ತಾಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಇಂಥದ್ದಕ್ಕೆ ಕಳ್ಳಬೇಟೆಯವರ ಕೋವಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಮಾವನವರ ಲೆಕ್ಕ ಬೇರೆ. ಹಕ್ಕಿ ಬೇಟೆ ಅಂದರೆ ಒಂದು ಗುಂಡಿಗೆ ಹತ್ತು ಮೈಲಿ ನಡಿಗೆ. ಹೆಗಲಿಗೆ ಭಾರ ಇರಬಾರದು.

'ಯಾಕ್ ಮಾವ, ಜೋಡುನಳಿಗೆ ತಗೋಬಾರ್ದಿತ್ತಾ?' ಅಂತ ಒಮ್ಮೆ ಕೇಳಿದ್ದೆವು. 'ಒಂದೇ ತೋಟಾ ಇದ್ರೆ ಕೈ ಸರಿಯಾಗಿರ್ತದೆ ಕಣಪ್ಪ. ಎರಡಿದ್ರೆ ಮೊದಲನೇದು ಪೋಲು' ಅಂದಿದ್ದರು.

ಆಯ್ಕೆಯ ಒಳಗುಟ್ಟು ಇಲ್ಲಿದೆ, ಸ್ವಲ್ಪ ವಿವರವಾಗಿ ಹೇಳುತ್ತೇವೆ. ಕೋವಿಯ ಬೋರ್ ಎಂಬುದು ಹಳೆಯ ಲೆಕ್ಕ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡು ಮಾಡಿದರೆ ಅದರಲ್ಲಿ ಒಂದು ಗುಂಡು ಹಿಡಿಸುವ ನಳಿಗೆ 12 ಬೋರ್. ಅಡ್ಡಳತೆ ಸುಮಾರು 18.5 ಮಿಲಿಮೀಟರ್. 20 ಗುಂಡು ಮಾಡಿದರೆ 20 ಬೋರ್, 15.6 ಮಿ.ಮೀ. ನಂಬರ್ ಹೆಚ್ಚಾದಷ್ಟೂ ನಳಿಗೆ ಸಣ್ಣದು. ಇದರಲ್ಲಿ 410 ಮಾತ್ರ ಅಪವಾದ. ಅದು ನೇರವಾಗಿ ಇಂಚಿನ ಲೆಕ್ಕ, ಅಂದರೆ ಸುಮಾರು 10.4 ಮಿ.ಮೀ. ಮಾವನವರದು ಇದೇ 410.

ಹಗುರ ಅಂದ ತಕ್ಷಣ ಒಳ್ಳೆಯದು ಅಂದುಕೊಳ್ಳಬಾರದು. ಗ್ರೀನರ್ ಎಂಬ ಇಂಗ್ಲಿಷ್ ಕೋವಿ ತಯಾರಕರ ಹೆಸರಿನಲ್ಲಿ ಒಂದು ಸೂತ್ರ ಬಳಕೆಯಲ್ಲಿದೆ: ತೋಟಾದಲ್ಲಿರುವ ಚರೆಯ ತೂಕದ 96 ಪಟ್ಟು ಕೋವಿಯ ತೂಕ ಇರಬೇಕು. 12 ಬೋರಿನಲ್ಲಿ ಒಂದು ಔನ್ಸ್ ಚರೆ ಹಾಕಿದರೆ ಕೋವಿ 6 ಪೌಂಡ್, ಅಂದರೆ 2.7 ಕಿಲೋ ತೂಗಬೇಕು. ಒಂದು ಔನ್ಸಿಗೆ ಎಂಟನೇ ಒಂದು ಭಾಗ ಜಾಸ್ತಿ ಹಾಕಿದರೂ ಆರೂಮುಕ್ಕಾಲು ಪೌಂಡ್ ಬೇಕು. ಮಡಿಚುವ 12 ಬೋರ್ ಕೋವಿ ಐದು ಪೌಂಡಿನ ಆಸುಪಾಸು ಇದ್ದರೆ ಆ ಕೊರತೆಯನ್ನು ತುಂಬುವುದು ಹೊಡೆಯುವವನ ಹೆಗಲು! ನಮ್ಮಲ್ಲೊಬ್ಬರು ಇಂಥದೇ ಹಗುರ 12 ಬೋರಿನಲ್ಲಿ ಒಂದೇ ಬೆಳಿಗ್ಗೆ ಐದು ತೋಟಾ ಹೊಡೆದು ವಾರಗಟ್ಟಲೆ ನೇಗಿಲು ಹಿಡಿಯಲಾಗದೆ ಎಣ್ಣೆ ಹಚ್ಚಿಸಿಕೊಂಡು ಕೂತಿದ್ದರು. 410ರಲ್ಲಿ ಅರ್ಧ ಔನ್ಸ್ ಚರೆ. ಸೂತ್ರದ ಪ್ರಕಾರ ಮೂರು ಪೌಂಡ್ ಸಾಕು. ಹಗುರ ಕೋವಿಯೂ ಆಯಿತು, ಒದೆತವೂ ಕಡಿಮೆ. ಆದರೆ ಚರೆ ಕಮ್ಮಿ, ಆದ್ದರಿಂದ ಇಪ್ಪತ್ತೈದು ಗಜದ ಆಚೆ ನಂಬಿಕೆ ಇಲ್ಲ. 12 ಬೋರ್ ಆದರೆ ಮೂವತ್ತೈದು ಗಜದವರೆಗೂ ಹೊಡೆಯಬಹುದು. ಹತ್ತಿರ ಹೋಗುವ ಕಾಲು ಇರುವವನಿಗೆ 410, ದೂರ ಹೊಡೆಯುವ ಆಸೆಯವನಿಗೆ 12 ಅಂತ ಮಾವ ಹೇಳುತ್ತಿದ್ದರು.

ಚರೆಯಲ್ಲೂ ಲೆಕ್ಕ ಇದೆ. ಇಂಗ್ಲಿಷ್ ಅಳತೆಯಲ್ಲಿ ಔನ್ಸಿಗೆ 6ನೇ ನಂಬರ್ ಸುಮಾರು 270 ಕಾಳು, 8ನೇ ನಂಬರ್ ಸುಮಾರು 450. ಗೌಜಲಹಕ್ಕಿಗೆ 6 ಅಥವಾ 7, ಬುರ್ಲಿಗೆ 8. ಬುರ್ಲಿಗೆ ದಪ್ಪ ಚರೆ ಹೊಡೆದರೆ ಮನೆಗೆ ತರುವುದಕ್ಕೆ ಪುಕ್ಕ ಮಾತ್ರ. ಆಮದು ಬಿಗಿಯಾದ ಮೇಲೆ ಸಿಗುತ್ತಿದ್ದದ್ದು ಪುಣೆ ಹತ್ತಿರದ ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ, ಅದೂ 12 ಬೋರಿನದು. 410ರ ತೋಟಾ ಹುಡುಕುವುದರಲ್ಲೇ ಮಾವನವರ ಅರ್ಧ ಆಯಸ್ಸು ಕಳೆಯಿತು ಅಂದರೂ ತಪ್ಪಿಲ್ಲ. ಕೋವಿ ಆರಿಸುವಾಗ ಅವರು ಎಡವಿದ್ದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಹಳೇ ಕೋವಿ ಕೊಳ್ಳುವಾಗ ಅವರು ನೋಡುತ್ತಿದ್ದ ಕ್ರಮ ಮಾತ್ರ ಮೆಚ್ಚಬೇಕಾದದ್ದು. ಮೊದಲು ಕೀಲು ಅಲುಗಾಡುತ್ತದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಮಡಿಚುವ ಕೋವಿಯಲ್ಲಿ ಇಡೀ ಭಾರ ಬೀಳುವುದು ಆ ಒಂದು ಕೀಲಿನ ಮೇಲೆ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ತುಕ್ಕಿನ ಗುಳಿ ನೋಡುವುದು. ನಳಿಗೆಯ ಅಡಿಯಲ್ಲಿ ಪರೀಕ್ಷೆಯ ಮುದ್ರೆ ಹುಡುಕುವುದು: ಲಂಡನ್, ಬರ್ಮಿಂಗ್‌ಹ್ಯಾಂ, ಬೆಲ್ಜಿಯಮ್ಮಿನ ಲಿಯೇಜ್ ಊರಿನವು ಪ್ರಸಿದ್ಧ. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ಹಳೇ ನಳಿಗೆಯಲ್ಲಿ ಹೊಗೆಯಿಲ್ಲದ ಮದ್ದಿನ ಹೊಸ ತೋಟಾ ಹೊಡೆದರೆ ನಳಿಗೆ ಸೀಳಬಹುದು. ಎರಡೂವರೆ ಇಂಚಿನ ಮನೆಗೆ ಎರಡೂಮುಕ್ಕಾಲು ಇಂಚಿನ ತೋಟಾ ಹಾಕುವುದೂ ಅಷ್ಟೇ ಅಪಾಯ. ಹಾಕುವಾಗ ಒಳಗೆ ಹೋಗುತ್ತದೆ, ಸಿಡಿದಾಗ ಬಾಯಿ ಬಿಚ್ಚಲು ಜಾಗ ಇರುವುದಿಲ್ಲ. ಕುದುರೆ ಹೊರಗೆ ಕಾಣುವ ಕೋವಿಯೇ ಒಳ್ಳೆಯದು, ಎಳೆದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುತ್ತದೆ ಎಂಬುದು ಅವರ ಮಾತು. ಬೇಲಿ ದಾಟುವಾಗ ಮಡಿಚಿಯೇ ದಾಟುತ್ತಿದ್ದರು. ಮಡಿಚಿದ ಕೋವಿ ಹಾರುವುದಿಲ್ಲ. ಅವರ ಕೋವಿಯಿಂದ ಯಾರಿಗೂ ಒಂದು ಗಾಯವಾಗಲಿಲ್ಲ ಎಂಬುದನ್ನು ಊರಿನವರೆಲ್ಲ ಬಲ್ಲರು.

ಕೋವಿ ಹಿಡಿದವರೆಲ್ಲ ಬರೀ ಬಾಡಿಗೆ ಹಿಡಿದರು ಅನ್ನುವಂತಿಲ್ಲ. 1939-40ರಲ್ಲಿ ಸಲೀಂ ಅಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಹಕ್ಕಿಗಳನ್ನು ಕೋವಿಯಿಂದಲೇ ಸಂಗ್ರಹಿಸಲಾಯಿತು. ಅವರಿಗೆ ಹಕ್ಕಿಯ ಗೀಳು ಹಿಡಿದದ್ದೂ ಬಾಲ್ಯದಲ್ಲಿ ಆಟದ ಏರ್‌ಗನ್ನಿನಲ್ಲಿ ಹೊಡೆದ ಒಂದು ಗುಬ್ಬಚ್ಚಿಯಿಂದ. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು; ಅದೇನೆಂದು ಕೇಳಲು ಹೋದವರು ಕೊನೆಯವರೆಗೂ ಹಕ್ಕಿಯ ಹಿಂದೆಯೇ ಹೋದರು.

ಕಾನೂನು ನಿಧಾನವಾಗಿ ಬಿಗಿಯಾಯಿತು. 1959ರ ಆಯುಧ ಕಾಯ್ದೆ 1962ರಲ್ಲಿ ಜಾರಿಗೆ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಸಣ್ಣ ಬೇಟೆಗೆ ಲೈಸೆನ್ಸಿನ ದಾರಿ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಗೌಜಲಹಕ್ಕಿಯಾಗಲಿ ಬುರ್ಲಿಯಾಗಲಿ, ಕೋವಿಯಿಂದ ಹೊಡೆದರೂ ಉರುಲಿನಿಂದ ಹಿಡಿದರೂ ಇಂದು ಅಪರಾಧ, ಜೈಲು. ಮಾವನವರು ಅದನ್ನು ಕೇಳಿ ಬೇಸರ ಮಾಡಿಕೊಳ್ಳಲಿಲ್ಲ. 'ಹಕ್ಕಿ ಎಲ್ಲೈತೆ ಹೊಡಿಯಾಕೆ' ಅಂದರು. ಹೊಲ ಸೈಟಾಗಿ, ಬೇಲಿ ಕಾಂಪೌಂಡಾಗಿ, ಪೊದೆ ಇಲ್ಲದ ಮೇಲೆ ಹಕ್ಕಿ ಎಲ್ಲಿ ಮೊಟ್ಟೆ ಇಡಬೇಕು? ಕೋವಿ ಕೊಂದದ್ದಕ್ಕಿಂತ ಜಾಸ್ತಿ ಗೌಜಲಹಕ್ಕಿಯನ್ನು ಜೆ.ಸಿ.ಬಿ. ಕೊಂದಿದೆ ಅಂತ ನಾವು ಧೈರ್ಯವಾಗಿ ಹೇಳುತ್ತೇವೆ. ಕೋವಿ ಹಿಡಿದವರ ತಪ್ಪು ಅದರಿಂದ ಮಾಫಿಯಾಗುವುದಿಲ್ಲ. ಮರಿ ಮಾಡುವ ಕಾಲದಲ್ಲೂ ಹೊಡೆದವರು ನಮ್ಮಲ್ಲಿ ಇದ್ದರು.

ಸದಸ್ಯರಿಗೆ ಒಂದು ಉಪಯೋಗದ ಮಾತು. ನಮ್ಮ ಸುತ್ತಿನ ಕೆಲವು ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ಕೋವಿ ಇನ್ನೂ ಇರಬಹುದು. ಆಯುಧಪೂಜೆಗೆ ಕುಂಕುಮ ಇಟ್ಟು ಮತ್ತೆ ಅಟ್ಟಕ್ಕೆ ಸೇರಿಸುತ್ತೇವೆ ಅನ್ನುವವರು ದಯವಿಟ್ಟು ಗಮನಿಸಬೇಕು. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಆ ಕೋವಿ ತನ್ನಷ್ಟಕ್ಕೆ ಮಕ್ಕಳದಾಗುವುದಿಲ್ಲ. ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ ರಸೀತಿ ಪಡೆಯಬೇಕು. ಬೇಕಾದರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. 2016ರ ನಿಯಮದಂತೆ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಕೇಳಬಹುದು. 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷವಾಗಿದೆ. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 'ನಮ್ ತಾತಂದು ಸ್ವಾಮಿ' ಅಂದರೆ ಯಾರೂ ಕೇಳುವುದಿಲ್ಲ.

ಮಾವನವರು ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಗೆ ಒಪ್ಪಿಸಿ ವಾಪಸ್ ತಂದು ತಂದು ಸಾಕಾಗಿದ್ದರು. ಕಾಲಿನ ಶಕ್ತಿಯೂ ಹೋಗಿತ್ತು. ನಮ್ಮ ಸಂಘ ಶುರುವಾಗಿ ಷೇರು ಕೂಡಿಸುತ್ತಿದ್ದ ದಿನಗಳಲ್ಲಿ ಒಂದು ದಿನ ಮಗನನ್ನು ಕರೆದುಕೊಂಡು ಅದೇ ದಂಡಿನ ಕಡೆಗೆ ಬಸ್ಸಿನಲ್ಲಿ ಹೋಗಿ ಬಂದರು. ಕೋವಿ ಅಲ್ಲೇ ಉಳಿಯಿತು. ಕೈಗೆ ಬಂದದ್ದು ಹೆಚ್ಚೇನೂ ಅಲ್ಲ. ಅದರಲ್ಲಿ ಮೊಮ್ಮಗಳ ಹೆಸರಿಗೆ ಬಟ್ಟೆ ತೆಗೆದು ಉಳಿದದ್ದನ್ನು ಸಂಘಕ್ಕೆ ಷೇರು ಹಣವಾಗಿ ಕಟ್ಟಿದರು. ಷೇರು ಪತ್ರವನ್ನೂ ಕೋವಿ ಕೊಟ್ಟ ರಸೀತಿಯನ್ನೂ ಅವರ ಮನೆಯವರು ಒಂದೇ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಈ ಲೇಖನಕ್ಕಾಗಿ ನಾವು ಹೋಗಿ ಕೇಳಿದಾಗ ತೆಗೆದು ತೋರಿಸಿದರು. ಪೆಟ್ಟಿಗೆಯ ಮೂಲೆಯಲ್ಲಿ ಬಾಯಿ ಬಿಚ್ಚಿದ ಎರಡು ಖಾಲಿ 410 ತೋಟಾಗಳಿದ್ದವು. ಮೂಸಿ ನೋಡಿದೆವು, ಮದ್ದಿನ ವಾಸನೆ ಹೋಗಿತ್ತು.