ಬಾಡಿಗೆ ವೇಷದ ವೀರ

ನವರಾತ್ರಿ ಬಂತೆಂದರೆ ಮೈಸೂರು ಕಡೆಯಿಂದ ಬಂದ ನಮ್ಮಂಥವರ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಮುಂಬಯಿಯ ಎರಡು ಕೋಣೆಯ ಬಿಡಾರದಲ್ಲಿ ಒಂಬತ್ತು ಮೆಟ್ಟಿಲಿಗೆ ಜಾಗ ಎಲ್ಲಿಂದ ಬರಬೇಕು? ಮೂರೇ ಮೆಟ್ಟಿಲಲ್ಲಿ ಪಟ್ಟದ ರಾಜರಾಣಿಯರು, ದಶಾವತಾರದ ದೇವರುಗಳು, ಅಂಗಡಿಯ ಶೆಟ್ಟಿ ದಂಪತಿಗಳು ಹೊಂದಿಕೊಂಡು ಕೂಡಬೇಕು. ಕಳೆದ ನವರಾತ್ರಿಯಲ್ಲಿ ಏಳು ವರ್ಷದ ಮೊಮ್ಮಗ ಕೊನೆಯ ಮೆಟ್ಟಿಲ ಮೂಲೆಯಲ್ಲಿ, ಅಂಗೈಯೊಳಗೆ ಅಡಗುವಷ್ಟು ಪುಟ್ಟ ಪ್ಲಾಸ್ಟಿಕ್ ಸೈನಿಕನೊಬ್ಬನನ್ನು ತಂದು ನಿಲ್ಲಿಸಿದ. ಅವನ ತಂದೆ ಚಿಕ್ಕಂದಿನಲ್ಲಿ ಆಡಿ ಬಿಟ್ಟದ್ದು, ಹೆಬ್ಬೆರಳು ಮುರಿದಿದೆ. "ಇದ್ಯಾವ ಗೊಂಬೆಯೋ?" ಎಂದು ನಮ್ಮಾಕೆ ಕೇಳಿದರೆ ಹುಡುಗ ಮುಖ ಸಿಂಡರಿಸಿ, "ಅಜ್ಜಿ, ಅದು ಗೊಂಬೆ ಅಲ್ಲ, ಆಕ್ಷನ್ ಫಿಗರ್" ಎಂದ.

ಅವನು ಆಡಿದ ಆ ಮಾತು 1964ರಲ್ಲಿ ಅಮೆರಿಕದ ಒಂದು ಆಟಿಕೆ ಕಂಪನಿ ಅಲ್ಲಿನ ತಂದೆತಾಯಂದಿರಿಗೆ ಕಲಿಸಿದ ಮಾತು ಎಂಬುದು ಅವನಿಗೇನು ಗೊತ್ತು! ಆ ಒಂದು ಮಾತಿನ ಹಿಂದೆ ಹೋದರೆ ಒಬ್ಬ ವಿಚಿತ್ರ ವೀರನ ಕಥೆ ಸಿಕ್ಕುತ್ತದೆ. ಹುಟ್ಟಿದ ಎರಡು ಮೂರು ವರ್ಷಕ್ಕೇ ಅಂಗಡಿಯಿಂದ ಕಾಣೆಯಾಗಿ, ನಲವತ್ತು ವರ್ಷಗಳ ನಂತರ ಚಿತ್ರಕಥೆಯ ಪುಟಗಳಲ್ಲಿ ಎದ್ದುಬಂದವನು ಅವನು. ಹೆಸರು ಕ್ಯಾಪ್ಟನ್ ಆಕ್ಷನ್.

ಮೊದಲು ಅವನ ಅಣ್ಣನ ವಿಚಾರ ಹೇಳಬೇಕು. 1959ರಲ್ಲಿ ಮ್ಯಾಟೆಲ್ ಕಂಪನಿಯ ಬಾರ್ಬಿ ಗೊಂಬೆ ಮಾರುಕಟ್ಟೆಗೆ ಬಂತು. ಗೊಂಬೆ ಒಂದು, ಉಡುಪು ನೂರು. ಗೊಂಬೆಯನ್ನು ಒಂದು ಸಲ ಕೊಂಡರೆ ಸಾಕು, ಉಡುಪನ್ನು ಕೊಳ್ಳುತ್ತಲೇ ಇರಬೇಕು. ಈ ವ್ಯಾಪಾರದ ಗುಟ್ಟನ್ನು ಹುಡುಗರ ಆಟಿಕೆಗೂ ಹೊಂದಿಸಬಹುದಲ್ಲ ಎಂದು ಲೆಕ್ಕಹಾಕಿದವನು ಸ್ಟ್ಯಾನ್ ವೆಸ್ಟನ್. ಕಥಾಪಾತ್ರಗಳ ಹೆಸರು ಮತ್ತು ರೂಪವನ್ನು ಆಟಿಕೆಯವರಿಗೆ ಪರವಾನಗಿಯ ಮೇಲೆ ಕೊಡಿಸುವುದು ಅವನ ಕಸುಬು. 1963ರಲ್ಲಿ ಅವನು ತನ್ನ ಸೈನಿಕ ಗೊಂಬೆಯ ಕಲ್ಪನೆಯನ್ನು ರೋಡ್ ಐಲೆಂಡ್ ಸಂಸ್ಥಾನದ ಪಾಟಕೆಟ್ ಊರಿನ ಹ್ಯಾಸನ್‌ಫೆಲ್ಡ್ ಬ್ರದರ್ಸ್ ಕಂಪನಿಗೆ, ಎಂದರೆ ಮುಂದೆ ಹ್ಯಾಸ್ಬ್ರೋ ಎಂದು ಹೆಸರಾದ ಸಂಸ್ಥೆಗೆ ಒಯ್ದ. ಅಲ್ಲಿನ ಡಾನ್ ಲೆವಿನ್ ಅದನ್ನು ಕೈಗೆತ್ತಿಕೊಂಡ. ಚಿತ್ರಗಾರರು ಮಾದರಿಗೆ ಇಟ್ಟುಕೊಳ್ಳುವ, ಕೀಲು ಕೀಲಿಗೂ ಬಾಗುವ ಮರದ ಮನುಷ್ಯನನ್ನು ಅಂಗಡಿಯ ಗಾಜಿನೊಳಗೆ ಕಂಡು ಅವನಿಗೆ ಗೊಂಬೆಯ ಅಂಗರಚನೆ ಹೊಳೆಯಿತಂತೆ. ವೆಸ್ಟನ್‌ಗೆ ಒಂದೇ ಗಂಟಿನಲ್ಲಿ 1 ಲಕ್ಷ ಡಾಲರ್ ಕೊಟ್ಟು ಕಂಪನಿ ಕೈತೊಳೆದುಕೊಂಡಿತು.

1964ರಲ್ಲಿ ಅಂಗಡಿಗೆ ಬಂದ ಆ ಗೊಂಬೆಯೇ ಜಿ.ಐ. ಜೋ. ಹೆಚ್ಚುಕಡಿಮೆ ಒಂದಡಿ ಎತ್ತರ, 21 ಚಲಿಸುವ ಭಾಗಗಳು, ಬಲಗೆನ್ನೆಯ ಮೇಲೊಂದು ಗಾಯದ ಗುರುತು. ಬೇರೆಯವರು ಕದ್ದು ಅಚ್ಚು ಹಾಕಿದರೆ ಹಿಡಿಯಲು ಸುಲಭವಾಗಲೆಂದು ಬಲಗೈ ಹೆಬ್ಬೆರಳಿನ ಉಗುರು ತಪ್ಪು ಪಕ್ಕದಲ್ಲಿ! ಹುಡುಗರು ಗೊಂಬೆ ಆಡುತ್ತಾರೆಂದರೆ ಯಾವ ತಂದೆಯೂ ಜೇಬಿಗೆ ಕೈಹಾಕುವುದಿಲ್ಲವೆಂದು ಬಲ್ಲ ಕಂಪನಿಯವರು ಅದನ್ನು ಗೊಂಬೆಯೆಂದು ಕರೆಯುವುದನ್ನೇ ನಿಷೇಧಿಸಿ 'ಆಕ್ಷನ್ ಫಿಗರ್' ಎಂಬ ಹೆಸರು ಕಟ್ಟಿದರು. ನಮ್ಮ ಮೊಮ್ಮಗನ ಬಾಯಿಗೆ ಬಂದದ್ದು ಅದೇ.

ವೆಸ್ಟನ್ ಸುಮ್ಮನೆ ಕೂಡುವವನಲ್ಲ. ಸೈನಿಕನ ಉಡುಪಿನ ಬದಲು ಚಿತ್ರಕಥೆಯ ವೀರರ ಉಡುಪನ್ನೇ ತೊಡಿಸಿದರೆ ಹೇಗೆ? ಈ ಸಲ ಅವನು ಹೋದದ್ದು ಐಡಿಯಲ್ ಕಂಪನಿಗೆ, 'ಟೆಡ್ಡಿ' ಕರಡಿಯಿಂದ ಹೆಸರುಮಾಡಿದ ನ್ಯೂಯಾರ್ಕಿನ ಹಳೆಯ ಮನೆತನಕ್ಕೆ. ಹೀಗೆ 1966ರಲ್ಲಿ ಕ್ಯಾಪ್ಟನ್ ಆಕ್ಷನ್ ಹುಟ್ಟಿದ. ಸೂಪರ್‌ಮ್ಯಾನ್, ಬ್ಯಾಟ್‌ಮನ್, ಅಕ್ವಾಮನ್, ಕ್ಯಾಪ್ಟನ್ ಅಮೆರಿಕ, ಫ್ಲ್ಯಾಶ್ ಗಾರ್ಡನ್, ಲೋನ್ ರೇಂಜರ್, ಫ್ಯಾಂಟಮ್ ಮೊದಲಾದವರ ಉಡುಪು ಮತ್ತು ಮುಖವಾಡಗಳು ಬೇರೆ ಬೇರೆ ಪೆಟ್ಟಿಗೆಗಳಲ್ಲಿ. ತೊಡುವ ಮೈ ಮಾತ್ರ ಒಂದೇ. ಮರುವರ್ಷ ಸ್ಪೈಡರ್‌ಮ್ಯಾನ್ ವೇಷವೂ ಬಂತು, ಸಂಗಡಿಗನಾಗಿ ಆಕ್ಷನ್ ಬಾಯ್ ಬಂದ, ಎದುರಾಳಿಯಾಗಿ ನೀಲಿ ಮೈಯ, ಮಿದುಳು ಹೊರಗೆ ಕಾಣುವ ಡಾಕ್ಟರ್ ಈವಿಲ್ ಬಂದ.

ಇಲ್ಲೊಂದು ಸ್ವಾರಸ್ಯವಿದೆ. ಸೂಪರ್‌ಮ್ಯಾನ್ ಒಂದು ಪ್ರಕಾಶನದ ಸ್ವತ್ತು, ಕ್ಯಾಪ್ಟನ್ ಅಮೆರಿಕ ಅದರ ಎದುರಾಳಿಯದು, ಫ್ಯಾಂಟಮ್ ಮೂರನೆಯವರದು. ಕಾಗದದ ಮೇಲೆ ಎಂದೂ ಜೊತೆಗೂಡದ ಈ ವೀರರೆಲ್ಲ ಈ ಒಬ್ಬನ ಮೈಮೇಲೆ ಕೂಡಿದ್ದರು. ಆದರೆ ಅವನು ಮಾತ್ರ ಯಾರು? ನಮ್ಮ ಕಡೆಯ ಹಗಲುವೇಷದವರನ್ನು ನೆನೆಯಿರಿ. ಇಂದು ಹನುಮಂತ, ನಾಳೆ ಫಕೀರ, ನಾಡಿದ್ದು ಪೊಲೀಸು. ಸಂಜೆ ಬಣ್ಣ ತೊಳೆದ ಮೇಲೆ ಅವನಿಗೊಂದು ಹೆಸರು, ಮನೆ, ಕಾಯುವ ಹೆಂಡತಿಮಕ್ಕಳು ಇರುತ್ತಾರೆ. ಕ್ಯಾಪ್ಟನ್ ಆಕ್ಷನ್‌ಗೆ ಅಂಥದು ಯಾವುದೂ ಇರಲಿಲ್ಲ. ಬಣ್ಣ ತೊಳೆದರೆ ಉಳಿಯುತ್ತಿದ್ದುದು ಒಂದು ನೀಲಿ ಉಡುಪು, ಒಂದು ಟೋಪಿ.

ಅವನು ತೊಟ್ಟ ವೇಷಗಳಲ್ಲಿ ಫ್ಯಾಂಟಮ್ಮನದು ನಮಗೆ ಅಪರಿಚಿತವಲ್ಲ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಸುಕಿನ ವೀರನನ್ನು ಮುಂದಿಟ್ಟುಕೊಂಡೇ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಮುಂದೆ 'ಅಮರ ಚಿತ್ರ ಕಥೆ'ಯಿಂದ ನಾಡಿಗೆಲ್ಲ ಪರಿಚಿತರಾದ ಕಾರ್ಕಳದ ಅನಂತ ಪೈ ಆಗ ಆ ಬಳಗದಲ್ಲಿ ಕೆಲಸ ಮಾಡುತ್ತಿದ್ದವರು. ನಮ್ಮಲ್ಲಿ ಎಷ್ಟೋ ಮಂದಿ ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ ಫ್ಯಾಂಟಮ್ ಅವನೇ. ಅವನದೂ ಮುಖವಾಡವೇ, ಆದರೆ ಅದು ಪಿತ್ರಾರ್ಜಿತ. ತಂದೆಯಿಂದ ಮಗನಿಗೆ ಇಪ್ಪತ್ತೊಂದು ತಲೆ ಇಳಿದುಬಂದದ್ದು, ಜೊತೆಗೆ ಒಂದು ಪ್ರತಿಜ್ಞೆಯನ್ನೂ ಹೊತ್ತು ತಂದದ್ದು. ಕ್ಯಾಪ್ಟನ್ ಆಕ್ಷನ್‌ನದು ಬಾಡಿಗೆ ವೇಷ.

ಬಾಡಿಗೆಯ ಅವಧಿ ಬಹಳ ದಿನ ನಡೆಯಲಿಲ್ಲ. 1966ರ ಜನವರಿಯಲ್ಲಿ ಶುರುವಾದ ಬ್ಯಾಟ್‌ಮನ್ ಟೆಲಿವಿಷನ್ ಧಾರಾವಾಹಿ ಎಬ್ಬಿಸಿದ್ದ ಹುಚ್ಚು 1968ರ ಹೊತ್ತಿಗೆ ಇಳಿದಿತ್ತು. ಆ ವರ್ಷವೇ ಐಡಿಯಲ್ ಕಂಪನಿ ಗೊಂಬೆಯ ತಯಾರಿಕೆ ನಿಲ್ಲಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮದುವೆ ಮುಗಿದ ಮೇಲೆ ಬಂದ ಓಲಗದವರಂತೆ, ಡಿಸಿ ಪ್ರಕಾಶನದಿಂದ ಅವನ ಹೆಸರಿನ ಚಿತ್ರಕಥೆ ಹೊರಟಿತು. ಮೊದಲೆರಡು ಸಂಚಿಕೆ ಬರೆದವನು ಜಿಮ್ ಶೂಟರ್; ಹದಿನಾಲ್ಕರ ಪ್ರಾಯದಲ್ಲೇ ಕಥೆ ಮಾರತೊಡಗಿದ್ದ ಈ ಹುಡುಗನಿಗೆ ಆಗ ಹದಿನೇಳು ಕೂಡ ಸರಿಯಾಗಿ ತುಂಬಿರಲಿಲ್ಲ. ಚಿತ್ರ ಬರೆದವರು ವಾಲಿ ವುಡ್ ಮತ್ತು ಗಿಲ್ ಕೇನ್, ಇಬ್ಬರೂ ದೊಡ್ಡ ಕಲಾವಿದರು.

ಅವರ ಮುಂದಿದ್ದ ಸಮಸ್ಯೆ ನೋಡಿ. ಗೊಂಬೆ ತೊಡುವ ವೇಷಗಳಲ್ಲಿ ಅರ್ಧಕ್ಕರ್ಧ ಪರರ ಸ್ವತ್ತು. ಡಿಸಿಯವರು ಅವನ್ನು ಅಚ್ಚುಮಾಡುವಂತಿಲ್ಲ. ವೇಷ ಕಿತ್ತುಕೊಂಡರೆ ನಾಯಕನಲ್ಲಿ ಏನೂ ಉಳಿಯದು. ಹಾಗಾಗಿ ಮೊದಲ ಬಾರಿಗೆ ಅವನೊಬ್ಬ ಮನುಷ್ಯನಾಗಬೇಕಾಯಿತು. ಅವನು ಕ್ಲೈವ್ ಆರ್ನೋ ಎಂಬ ಪುರಾತತ್ತ್ವ ಸಂಶೋಧಕನಾದ. ಅವನಿಗೆ ಸಿಕ್ಕಿದ ಪುರಾತನ ನಾಣ್ಯಗಳಲ್ಲಿ ಹಳೆಯ ದೇವತೆಗಳ ಶಕ್ತಿ ಅಡಗಿತ್ತು. ಅವನಿಗೊಬ್ಬ ಮಗ, ತೀರಿಹೋದ ಹೆಂಡತಿ. ಮೂರನೆಯ ಸಂಚಿಕೆಯಿಂದ ಕಥೆಯನ್ನೂ ತಾನೇ ಬರೆದ ಗಿಲ್ ಕೇನ್, ಡಾಕ್ಟರ್ ಈವಿಲ್‌ನನ್ನು ಆ ಹೆಂಡತಿಯ ತಂದೆಯನ್ನಾಗಿ ಮಾಡಿದ. ಆಟಿಕೆ ಪೆಟ್ಟಿಗೆಯ ಮೇಲಿನ ಶತ್ರು ಹೀಗೆ ಸ್ವಂತ ಮಾವನಾದ. ಗೊಂಬೆಗಳ ಜಗಳ ಮನೆಯ ದುಃಖವಾಯಿತು. ಆದರೆ ಕೊಳ್ಳುವವರಿಲ್ಲದೆ 1969ರಲ್ಲಿ ಐದನೆಯ ಸಂಚಿಕೆಗೆ ಪತ್ರಿಕೆ ಮುಗಿಯಿತು.

ಅಣ್ಣನ ಗತಿಯೂ ಚೆನ್ನಾಗಿರಲಿಲ್ಲ. ವಿಯೆಟ್ನಾಂ ಯುದ್ಧದ ಸುದ್ದಿ ಮನೆಮನೆಯ ಟೆಲಿವಿಷನ್ನಿನಲ್ಲಿ ಕಾಣತೊಡಗಿದ ಮೇಲೆ ಸೈನಿಕ ಗೊಂಬೆ ಯಾರಿಗೆ ಬೇಕು? 1970ರಿಂದ ಜಿ.ಐ. ಜೋ ಸಮವಸ್ತ್ರ ಬಿಟ್ಟು ಸಾಹಸಿ ಪ್ರವಾಸಿಯಾದ. 1973ರ ತೈಲ ಬಿಕ್ಕಟ್ಟಿನಿಂದ ಪ್ಲಾಸ್ಟಿಕ್ ತುಟ್ಟಿಯಾಗಿ ಒಂದಡಿ ಗೊಂಬೆ ದುಬಾರಿಯೆನಿಸಿತು. 1978ರ ವೇಳೆಗೆ ಅವನೂ ಮರೆಯಾದ.

ಆದರೆ ಅವನು 1982ರಲ್ಲಿ 3¾ ಅಂಗುಲದ ಪುಟ್ಟ ಗೊಂಬೆಗಳ ದಂಡಾಗಿ ಮರಳಿ ಬಂದ. ಈ ಸಲ ಹ್ಯಾಸ್ಬ್ರೋದವರು ಮಾರ್ವೆಲ್ ಪ್ರಕಾಶನದೊಡನೆ ಕೈಗೂಡಿಸಿ, ಗೊಂಬೆಯ ಜೊತೆಜೊತೆಗೇ ಮಾಸಿಕ ಚಿತ್ರಕಥೆಯನ್ನೂ ಹೊರಡಿಸಿದರು. ಆಟಿಕೆಯ ಜಾಹೀರಾತಿನಲ್ಲಿ ಚಲಿಸುವ ಚಿತ್ರಗಳನ್ನು ಎಷ್ಟು ತೋರಿಸಬಹುದೆಂಬುದಕ್ಕೆ ಕಟ್ಟುಪಾಡಿತ್ತು. ಪುಸ್ತಕದ ಜಾಹೀರಾತಿಗೆ ಅದು ಇರಲಿಲ್ಲವೆಂಬ ವ್ಯಾಪಾರಿ ಜಾಣ್ಮೆಯೂ ಇದರಲ್ಲಿ ಸೇರಿತ್ತೆನ್ನಿ. ಆಗ ಮಾರ್ವೆಲ್‌ನ ಪ್ರಧಾನ ಸಂಪಾದಕನ ಕುರ್ಚಿಯಲ್ಲಿದ್ದವನು ಯಾರು? 1968ರಲ್ಲಿ ಕ್ಯಾಪ್ಟನ್ ಆಕ್ಷನ್ ಬರೆದ ಅದೇ ಹುಡುಗ ಜಿಮ್ ಶೂಟರ್!

ಬರೆಯುವ ಹೊಣೆ ಬಿದ್ದದ್ದು ಲ್ಯಾರಿ ಹಾಮಾನ ಮೇಲೆ. ಜಪಾನೀ ಮೂಲದ ಈ ಅಮೆರಿಕನ್, ಸೇನೆಯ ಎಂಜಿನಿಯರ್ ದಳದಲ್ಲಿ ವಿಯೆಟ್ನಾಂ ಕಂಡುಬಂದವನು. ಅವನು ಪ್ರತಿಯೊಂದು ಗೊಂಬೆಗೂ ಹೆಸರು, ಹುಟ್ಟೂರು, ಕಸುಬು, ಸ್ವಭಾವಗಳನ್ನು ಬರೆದುಕೊಟ್ಟ. ಅವು ಪೆಟ್ಟಿಗೆಯ ಹಿಂಬದಿಯಲ್ಲಿ ಅಚ್ಚಾದವು. ಆ ದಂಡಿನಲ್ಲಿ ಒಂದು ಗೊಂಬೆಗೆ ಬಣ್ಣದ ಖರ್ಚು ಉಳಿಸಲೆಂದು ಬಣ್ಣವನ್ನೇ ಹಾಕದೆ ಬರಿಯ ಕರಿ ಪ್ಲಾಸ್ಟಿಕ್‌ನಲ್ಲಿ ಬಿಟ್ಟಿದ್ದರು. ಕಾಣುವ ಮುಖವೂ ಇಲ್ಲದ ಆ ಗೊಂಬೆಗೆ ಹಾಮಾ ಮಾತಿಲ್ಲದ ಒಬ್ಬ ಯೋಧನ ಬಾಳನ್ನು ಕೊಟ್ಟ. ಅವನೇ ಸ್ನೇಕ್ ಐಸ್. 1984ರ 21ನೆಯ ಸಂಚಿಕೆಯನ್ನು ಹಾಮಾ ಒಂದೇ ಒಂದು ಸಂಭಾಷಣೆಯಿಲ್ಲದೆ, ಚಿತ್ರಗಳಲ್ಲೇ ನಡೆಸಿದ. ಜುಗ್ಗತನದಿಂದ ಹುಟ್ಟಿದ ಗೊಂಬೆ ಮಕ್ಕಳ ಅತ್ಯಂತ ಪ್ರೀತಿಯ ಪಾತ್ರವಾಯಿತು. ಮಾರ್ವೆಲ್ ಪತ್ರಿಕೆ 1994ರಲ್ಲಿ 155 ಸಂಚಿಕೆಗಳಿಗೆ ನಿಂತಿತು. 2010ರಲ್ಲಿ ಬೇರೆ ಪ್ರಕಾಶಕರು ಅದೇ ಲೆಕ್ಕವನ್ನು ಮುಂದುವರಿಸಿದರು. 2023ರಲ್ಲಿ 301ನೆಯ ಸಂಚಿಕೆ ಹೊರಬಂದಾಗಲೂ ಬರೆದ ಕೈ ಹಾಮಾನದೇ. ನಮ್ಮ ಮನೆಯ ಕೊನೆಯ ಮೆಟ್ಟಿಲಲ್ಲಿ ನಿಂತವನು ಈ ವಂಶದವನು. ಚೆನ್ನೈನ ಎಂ.ಆರ್.ಎಫ್. ಸಂಸ್ಥೆಯೂ ಹ್ಯಾಸ್ಬ್ರೋವೂ ಕೂಡಿ ಕಟ್ಟಿದ ಫನ್‌ಸ್ಕೂಲ್ ಕಂಪನಿ ನಮ್ಮ ದೇಶದಲ್ಲೇ ಅವನ್ನು ಅಚ್ಚು ಹಾಕಿ ಮಾರಿತ್ತು.

ತಮ್ಮನನ್ನೂ ಪೂರ್ತಿ ಮರೆತಿರಲಿಲ್ಲ. 1966ರಲ್ಲಿ ಅವನೊಡನೆ ಆಡಿದ ಹುಡುಗರು ಈಗ ನಡುವಯಸ್ಸಿನವರು. 1998ರಲ್ಲಿ ಪ್ಲೇಯಿಂಗ್ ಮ್ಯಾಂಟಿಸ್ ಕಂಪನಿ ಅವನನ್ನು ಮತ್ತೆ ಅಚ್ಚು ಹಾಕಿ ನೋಡಿತು. ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನರ ವೇಷಗಳು ಆಗ ಜೊತೆಗಿರಲಿಲ್ಲ. ಆ ಯತ್ನ ಹೆಚ್ಚು ದಿನ ಬಾಳಲಿಲ್ಲ. ಬಳಿಕ ಎಡ್ ಕ್ಯಾಟೊ ಮತ್ತು ಜೋ ಅಹರ್ನ್ ಎಂಬಿಬ್ಬರು ಅವನ ಹಕ್ಕುಗಳನ್ನು ಪಡೆದು, ಈ ಸಲ ಅವನಿಗೆ ಹೊಸ ಚಿತ್ರಕಥೆಯನ್ನು ಕೊಡಿಸಿದರು. 2008ರಲ್ಲಿ ಮೂನ್‌ಸ್ಟೋನ್ ಪ್ರಕಾಶನದಿಂದ, ಫೇಬಿಯನ್ ನಿಸೀಸಾನ ಬರವಣಿಗೆಯಲ್ಲಿ ಅದು ಹೊರಬಂತು.

ಇಲ್ಲೂ ಹಳೆಯ ತೊಡಕೇ. ನಾಣ್ಯಗಳ ಕಥೆ ಡಿಸಿ ಪ್ರಕಾಶನ ಕಟ್ಟಿದ್ದು. ಹೊಸಬರು ಬೇರೆ ಬಾಳನ್ನೇ ಕಟ್ಟಬೇಕು. ಹೊಸ ಕಥೆಯಲ್ಲಿ ಅರುವತ್ತರ ದಶಕದ ಕ್ಯಾಪ್ಟನ್ ಆಕ್ಷನ್ ಮೈಲ್ಸ್ ಡ್ರೇಕ್ ಎಂಬಾತ. ಇಂದು ಆ ಹೆಸರನ್ನು ಹೊರುವವನು ಅವನ ಮಗ ಕೋಲ್. ಎಂದರೆ ಬಾಡಿಗೆ ವೇಷದವನಿಗೆ ಕೊನೆಗೂ ಪಿತ್ರಾರ್ಜಿತ ಸಿಕ್ಕಿತು. 2010ರಲ್ಲಿ ಅದೇ ಪ್ರಕಾಶನದ ಪುಟಗಳಲ್ಲಿ ಅವನು ಫ್ಯಾಂಟಮ್ಮನ ಜೊತೆಗೂಡಿದ. 1966ರಲ್ಲಿ ಯಾರ ಮುಸುಕನ್ನು ಎರವಲು ತೊಟ್ಟಿದ್ದನೋ ಅವನ ಪಕ್ಕದಲ್ಲೇ ಈಗ ಸ್ವಂತ ಮುಖದಿಂದ ನಿಂತ. 2012ರ ಸುಮಾರಿಗೆ ಗೊಂಬೆಯೂ ಮತ್ತೊಮ್ಮೆ ಬಂತು, 2013ರಲ್ಲಿ ಡೈನಮೈಟ್ ಪ್ರಕಾಶನದ ಚಿತ್ರಕಥೆಯಲ್ಲಿಯೂ ಅವನು ಕಾಣಿಸಿಕೊಂಡ. ಅಣ್ಣನಷ್ಟು ಕೀರ್ತಿ ಅವನಿಗೆ ಬರಲಿಲ್ಲವೆಂಬುದು ನಿಜ. ಅವನ ಹಳೆಯ ಗೆಳೆಯರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ: ಡಾನ್ ಲೆವಿನ್ 2014ರಲ್ಲಿ, ಸ್ಟ್ಯಾನ್ ವೆಸ್ಟನ್ 2017ರಲ್ಲಿ, ಜಿಮ್ ಶೂಟರ್ 2025ರಲ್ಲಿ.

ಇದೆಲ್ಲ ಪರದೇಶದ ಪ್ಲಾಸ್ಟಿಕ್ ವ್ಯಾಪಾರ, ನಮಗೇಕೆ ಎಂದು ಕೇಳುವವರಿದ್ದಾರು. ವ್ಯಾಪಾರವೇ ಹೌದು. ಆದರೂ ಇಬ್ಬರ ಚರಿತ್ರೆಯನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಒಳ್ಳೆಯ ಅಚ್ಚು, ಸೊಗಸಾದ ಉಡುಪು ಗೊಂಬೆಯನ್ನು ಮಾರಬಲ್ಲವು, ಉಳಿಸಲಾರವು. ಅದಕ್ಕೊಂದು ಊರು, ಒಬ್ಬ ತಂದೆ, ಒಂದು ನೋವು ಕೊಟ್ಟು ಕಥೆ ಹೇಳುವವರಿದ್ದಾಗಲೇ ಅದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿತು. ಹೊಟ್ಟೆಪಾಡಿಗಾಗಿ ಪರಊರಿಗೆ ಬಂದು, ಹಗಲೆಲ್ಲ ಕಚೇರಿಯ ವೇಷ, ಕಚೇರಿಯ ಭಾಷೆ ತೊಟ್ಟಿರುವ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅಂದು ರಾತ್ರಿ ಮೊಮ್ಮಗ ಪಟ್ಟದ ಗೊಂಬೆಗಳನ್ನು ತೋರಿಸಿ, "ಇವರು ಯಾರಜ್ಜ? ಇವರ ಕಥೆ ಏನು?" ಎಂದು ಕೇಳಿದ. ನನ್ನ ತಾಯಿಯ ಮದುವೆಯಲ್ಲಿ ತವರಿನಿಂದ ಬಂದ ಜೋಡಿಯದು. ನಾನು ಐವತ್ತು ವರ್ಷದಿಂದ ಅವನ್ನು ಮೆಟ್ಟಿಲೇರಿಸಿದ್ದೇನೆ, ಒರೆಸಿ ಪೆಟ್ಟಿಗೆಗಿಟ್ಟಿದ್ದೇನೆ. ಕಥೆ ಮಾತ್ರ ಯಾರಿಗೂ ಹೇಳಿರಲಿಲ್ಲ; ಕೇಳಿದವರೂ ಇರಲಿಲ್ಲ. ತಾಯಿಯ ಊರಿನ ಹೆಸರಿನಿಂದ ಆರಂಭಿಸಿದೆ. ಹುಡುಗ ಹೆಬ್ಬೆರಳು ಮುರಿದ ತನ್ನ ಸೈನಿಕನನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತ ಕೂತ.